ಅತ್ತಿಗೆಯ ಗಜ್ಜರಿ

ನಮ್ಮ ಹಿತ್ತಲ ಬಾವಿಯ ಪಕ್ಕದಲ್ಲಿ ಎರಡು ಮಡಿ ಗಜ್ಜರಿ, ಪೇಟೆಯವರ ಕ್ಯಾರೆಟ್ಟು, ಇರುತ್ತಿತ್ತು. ಅಪ್ಪ ಅದನ್ನು ಹಾಕುತ್ತಿದ್ದದ್ದು ಮನುಷ್ಯರಿಗಲ್ಲ, ಎತ್ತುಗಳಿಗೆ. ದಾವಣಗೆರೆ ಕಡೆಯ ನೆಂಟರು ಕೊಟ್ಟ ಬೀಜ. ಗಣೇಶನ ಹಬ್ಬ ಮುಗಿಯುತ್ತಲೇ ಬಿತ್ತಿದರೆ ಕಾರ್ತಿಕದ ಕೊನೆಯಿಂದ ಸಂಕ್ರಾಂತಿಯ ಆಚೆಯವರೆಗೆ ಗೇಣುದ್ದದ ಕೆಂಪು ಗೆಡ್ಡೆ ಕೀಳಲು ಸಿಗುತ್ತಿತ್ತು. ಗಜ್ಜರಿ ತಿಂದ ಎತ್ತಿನ ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ನಾವು ಹುಡುಗರು ಒಂದೆರಡು ಕಿತ್ತು, ಲಂಗಕ್ಕೋ ಅಂಗಿಗೋ ಒರೆಸಿ ಹಸಿಯಾಗಿಯೇ ಕಡಿಯುತ್ತಿದ್ದೆವು. ಅಡುಗೆಮನೆಯ ಹೊಸ್ತಿಲು ದಾಟಿ ಅದು ಒಳಗೆ ಬಂದದ್ದು ಹೋದ ವರ್ಷ, ಐವತ್ತೇಳನೇ ಇಸವಿಯ ಚಳಿಗಾಲದಲ್ಲಿ, ಅತ್ತಿಗೆಯ ಕಣ್ಣಿನ ಸಲುವಾಗಿ.

ನಮ್ಮ ಊರು ಶಿಕಾರಿಪುರ ತಾಲ್ಲೂಕಿನದು, ಬಳ್ಳಿಗಾವಿಗೆ ಹತ್ತಿರ. ಅತ್ತಿಗೆ ಸೊರಬದ ಕಡೆಯವಳು, ಉಳವಿಯಿಂದ ಬಂದವಳು. ಆಗ ಅವಳಿಗೆ ಮೂರು ವರ್ಷದ ಮಗಳಿದ್ದಳು, ಇನ್ನೊಂದು ಹೊಟ್ಟೆಯಲ್ಲಿತ್ತು. ನಾನು ಮಿಡ್ಲ್ ಸ್ಕೂಲು ಮುಗಿಸಿ ಮನೆಯಲ್ಲಿದ್ದೆ. ದಿನಚರಿ ಬರೆಯುವುದು ಆಗಿನಿಂದಲೇ ನನ್ನ ಅಭ್ಯಾಸ. ಯಾವ ಎಮ್ಮೆ ಎಷ್ಟು ಹಾಲು ಕೊಟ್ಟಿತು, ಯಾವ ಮಡಿಯಿಂದ ಏನು ಕಿತ್ತೆವು, ಸೊರಬದ ಬಸ್ಸು ಎಷ್ಟು ತಡವಾಗಿ ಬಂತು, ಎಲ್ಲವನ್ನೂ ತಾರೀಖು ಹಾಕಿ ಬರೆಯುತ್ತಿದ್ದೆ. ಎಲ್ಲ ಗುರುತು ಹಾಕುವ ನನಗೇ ಅತ್ತಿಗೆಯ ವಿಷಯ ಗೊತ್ತಾದದ್ದು ಕಾರ್ತಿಕ ಮಾಸ ಅರ್ಧ ಕಳೆದ ಮೇಲೆ.

ಆ ತಿಂಗಳು ದಿನಾ ಸಂಜೆ ತುಳಸಿಕಟ್ಟೆಗೆ ದೀಪ ಇಡುವುದು ಸೊಸೆಯ ಕೆಲಸ. ಅತ್ತಿಗೆ ಮಾತ್ರ ಬತ್ತಿ ಹೊಸೆದು, ಎಣ್ಣೆ ಹಾಕಿ, "ನೀನೇ ಹಚ್ಚು ಮಾರಾಯ್ತಿ, ನಂಗೆ ಬಗ್ಗಕ್ಕೆ ಆಗಲ್ಲ" ಎಂದು ಹಣತೆಯನ್ನು ನನ್ನ ಕೈಗೆ ಕೊಡುತ್ತಿದ್ದಳು. ರೊಟ್ಟಿ ಬಡಿಯುವುದು, ನೀರು ಸೇದುವುದು, ಪಾತ್ರೆ ಜೋಡಿಸುವುದು ಎಲ್ಲವನ್ನೂ ಹೊತ್ತು ಮುಳುಗುವ ಮುಂಚೆಯೇ ಮುಗಿಸಿ ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಬಸುರಿಯ ಆಯಾಸವೆಂದು ನಾವು ತಿಳಿದಿದ್ದೆವು.

ಮಗುವಿಗೆ ನಮ್ಮೆಲ್ಲರಿಗಿಂತ ಮೊದಲೇ ಗೊತ್ತಾಗಿತ್ತು. ಅತ್ತಿಗೆ ಕೈ ಮುಂದೆ ಚಾಚಿ "ಎಲ್ಲಿದಿಯೇ ಪುಟ್ಟಿ, ಬಾ" ಎಂದು ಕರೆದರೆ ಅದು ಕಣ್ಣಾಮುಚ್ಚಾಲೆ ಆಟವೆಂದು ಕಂಬದ ಹಿಂದೆ ನಿಂತು ಕಿಲಕಿಲ ನಗುತ್ತಿತ್ತು. ಒಂದು ಸಂಜೆ ನಗುವಿನ ಜಾಡು ಹಿಡಿದು ಹೋದ ಅತ್ತಿಗೆಯ ಬೆರಳು ಮಗುವಿನ ಕಣ್ಣಿಗೇ ಚುಚ್ಚಿತು. ಮಗು ಚೀರಿಕೊಂಡು ಓಡಿಹೋಗಿ ನಮ್ಮ ಅವ್ವನ ಸೆರಗಿನಲ್ಲಿ ಮುಖ ಹುದುಗಿಸಿತು. ಅತ್ತಿಗೆ ನಡುಮನೆಯಲ್ಲಿ, ಉರಿಯುವ ಲಾಂದ್ರದ ಮುಂದೆ, ಅಳು ಎಲ್ಲಿಂದ ಬರುತ್ತಿದೆ ಎಂದು ತಲೆ ಅತ್ತಿತ್ತ ತಿರುಗಿಸುತ್ತ ನಿಂತಿದ್ದಳು. ಆಮೇಲೆ ನನ್ನ ಹತ್ತಿರ ಹೇಳಿದಳು: "ಹೊತ್ತು ಮುಳುಗಿದ್ರೆ ಕಣ್ಣಿಗೆ ಹೊಗೆ ಕವಿದಂಗೆ ಆಗ್ತದೆ ಕಣೆ. ದೀಪ ಇದ್ದಲ್ಲಿ ದೀಪ ಒಂದೇ ಕಾಣ್ತದೆ, ಮತ್ತೆಂಥದೂ ಇಲ್ಲ. ಅತ್ತೆಗೆ ಹೇಳಬೇಡ. ಕುರುಡೀನ ತಂದ್ಕೊಂಡ್ವಿ ಅಂತಾರೆ."

ಹೇಳದೆ ಇರುವುದು ನನ್ನಿಂದ ಆಗಲಿಲ್ಲ. ಅವ್ವ ಬಯ್ಯಲಿಲ್ಲ. "ಇರುಳುಗಣ್ಣು ಅದು. ನಿಮ್ಮಣ್ಣ ಹೊಟ್ಟ್ಯಾಗ ಇದ್ದಾಗ ನನಗೂ ಬಂದಿತ್ತು. ಹಡದ ಮ್ಯಾಲೆ ತಾನಾ ಹೋತು" ಎಂದಳು. ಆದರೆ ಅತ್ತಿಗೆಯದು ದಿನೇ ದಿನೇ ಹೆಚ್ಚಾಯಿತು. ಕೊನೆಗೆ ಅಪ್ಪ ಗಾಡಿ ಕಟ್ಟಿ, ಅವ್ವನನ್ನೂ ನನ್ನನ್ನೂ ಜೊತೆಗೆ ಕೂರಿಸಿಕೊಂಡು ಅವಳನ್ನು ಶಿಕಾರಿಪುರದ ಡಾಕ್ಟರ ಹತ್ತಿರ ಕರೆದೊಯ್ದರು.

ಡಾಕ್ಟರು ಅವಳ ರೆಪ್ಪೆ ಬಿಡಿಸಿ ನೋಡಿದರು. ಮೊಣಕೈಯ ಒರಟು ಚರ್ಮವನ್ನು ಬೆರಳಿನಿಂದ ತಿಕ್ಕಿ ನೋಡಿದರು. "ಮೀನೆಣ್ಣೆ ಕೊಡಬಹುದು. ಕುಡೀತಾಳೇನು?" ಎಂದರು.

ಅಪ್ಪ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. "ಶಿವ ಶಿವಾ, ಅದೊಂದು ಬಿಟ್ಟು ಬ್ಯಾರೆ ಹೇಳ್ರಿ."

"ಹಂಗಾದ್ರೆ ಗಜ್ಜರಿ ತಿನ್ನಲಿ."

"ಗಜ್ಜರೀನಾ? ಎತ್ತಿನ ಮೇವಲ್ರೀ ಅದು?"

"ನಿಮ್ಮ ಎತ್ತಿಗೆ ಯಾವತ್ತಾದ್ರೂ ಇರುಳುಗಣ್ಣು ಬಂದಿದ್ದು ನೋಡೀರೇನ್ರೀ?"

ಅಪ್ಪ ನಕ್ಕುಬಿಟ್ಟರು. ಡಾಕ್ಟರು ನಗಲಿಲ್ಲ. ಮಬ್ಬು ಬೆಳಕಿನಲ್ಲಿ ನೋಡಲು ಕಣ್ಣಿಗೆ ಒಂದು ಸತ್ವ ಬೇಕು, ಬಸುರಿಯಲ್ಲಿ ಅದನ್ನು ಮಗು ಎಳೆದುಕೊಳ್ಳುತ್ತದೆ, ಗಜ್ಜರಿಗೆ ಬಣ್ಣ ಕೊಡುವ ವಸ್ತುವೇ ಹೊಟ್ಟೆಗೆ ಹೋದ ಮೇಲೆ ಆ ಸತ್ವವಾಗುತ್ತದೆ ಎಂದು ನಿಧಾನವಾಗಿ ತಿಳಿಸಿ ಹೇಳಿದರು. ಹಸಿಯಾಗಿ ಕಡಿದರೆ ಅಷ್ಟು ಮೈಗೆ ಹತ್ತುವುದಿಲ್ಲ, ಮೆತ್ತಗೆ ಬೇಯಿಸಿ, ಮೇಲೆ ತುಪ್ಪವೋ ಎಣ್ಣೆಯೋ ಹಾಕಿ ತಿನ್ನಬೇಕು, ಜಿಡ್ಡಿಲ್ಲದೆ ಆ ಸತ್ವ ಒಳಗೆ ಇಳಿಯುವುದಿಲ್ಲ. ನುಗ್ಗೆಸೊಪ್ಪು, ಹರಿವೆಸೊಪ್ಪು, ಸಿಹಿಗುಂಬಳವೂ ಒಳ್ಳೆಯದು. ಗಜ್ಜರಿಯಲ್ಲಿ ನಾರಿರುವುದರಿಂದ ಮಲಬದ್ಧತೆಗೂ ಗುಣ. "ದಿನಾ ಒಂದು ಬಟ್ಟಲು ತುಂಬ ಈಕೆ ಹೊಟ್ಟೆಗೆ ಹೋಗ್ಬೇಕು, ತಿಳೀತೇನ್ರೀ?" ಎಂದರು. "ತಿಳೀತ್ರಿ" ಎಂದರು ಅಪ್ಪ. ಊರಿಗೆ ಬಂದವರೇ ಎತ್ತುಗಳಿಗೆ ಗಜ್ಜರಿ ನಿಲ್ಲಿಸಿ, ಎರಡೂ ಮಡಿಯನ್ನು ಅಡುಗೆಮನೆಗೆ ಬಿಟ್ಟುಕೊಟ್ಟರು.

ಅವ್ವನಿಗೆ ಆ ಗೆಡ್ಡೆಯನ್ನು ಬೇಯಿಸಿ ಗೊತ್ತಿರಲಿಲ್ಲ. ಮೊದಲ ದಿನ ಸಿಪ್ಪೆ ದಪ್ಪಗೆ ತೆಗೆದಳು, ಆಮೇಲೆ ಬರೀ ಕೆರೆದರೆ ಸಾಕೆಂದು ಕಲಿತಳು. ತೆಳ್ಳಗೆ ಹೆಚ್ಚಿ, ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು, ಮುಚ್ಚಳದ ಮೇಲೆ ನೀರಿಟ್ಟು ಹದವಾಗಿ ಬೇಯಿಸಿ, ಕೊನೆಗೆ ಕೊಬ್ಬರಿ ತುರಿದು ಹಾಕಿ ಒಂದು ಚಮಚ ತುಪ್ಪ ಬಿಡುತ್ತಿದ್ದಳು. ನಾಲ್ಕೇ ದಿನದಲ್ಲಿ ಆ ಪಲ್ಯದ ರುಚಿಗೆ ಮನೆಯೆಲ್ಲ ಸೋತಿತು.

ಅಲ್ಲಿಯೇ ಕೆಟ್ಟಿತು.

ನಮ್ಮ ಮನೆಯಲ್ಲಿ ಮೊದಲ ಪಂಕ್ತಿ ಗಂಡಸರದು. ಅಪ್ಪ, ಅಣ್ಣ, ಹೊಲಕ್ಕೆ ಬಂದ ಆಳುಗಳು, ಬಂದವರಿದ್ದರೆ ಬಂದವರು. ಆಮೇಲೆ ಮಕ್ಕಳು, ಅಂದರೆ ನನ್ನ ತಮ್ಮಂದಿರು ಮತ್ತು ಪುಟ್ಟಿ. ಕೊನೆಗೆ ಅವ್ವ, ಅತ್ತಿಗೆ, ನಾನು. ಅಪ್ಪ ರೊಟ್ಟಿಯ ಮೇಲೆ ಎರಡನೇ ಸಲ ಪಲ್ಯ ಹಾಕಿಸಿಕೊಳ್ಳುತ್ತ, "ಡಾಕ್ಟರು ಹೇಳಿದ್ದು ಖರೇನ. ಬೆಳಿಗ್ಗೆ ತಂಬಿಗಿ ಹಿಡದು ಹೋದ್ರ ಮೊದಲ್ನಂಗ ಹೊತ್ತಾಗಂಗಿಲ್ಲ ನೋಡು" ಎನ್ನುತ್ತಿದ್ದರು. ಅಣ್ಣ, "ಅಪ್ಪ, ಉಣ್ಣೋ ಹೊತ್ತಿನ್ಯಾಗ ಆ ಮಾತ್ಯಾಕ?" ಎಂದು ನಗುತ್ತ ತಾನೂ ಬಟ್ಟಲು ಮುಂದೆ ಮಾಡುತ್ತಿದ್ದ. "ಎತ್ತುಗಳು ನನ್ನ ಮುಖ ನೋಡಿದ್ರ ಕೋಡು ಆಡಸ್ತಾವ. ಅವುಗಳ ಪಾಲು ನಾವು ತಿಂತೀವಿ ಅಂತ ಗೊತ್ತಾಗೇತಿ" ಎಂದು ಅಪ್ಪ ಹೇಳಿದರೆ ಪಂಕ್ತಿಯೆಲ್ಲ ನಗು. ಮಕ್ಕಳಿಗೆ ಅದರ ಸಿಹಿ ಇಷ್ಟ. ನಮ್ಮ ಸರದಿ ಬರುವಾಗ ಪಾತ್ರೆಯ ತಳದಲ್ಲಿ ಸಾಸಿವೆ, ಕರಿಬೇವು, ಅಂಟಿಕೊಂಡ ನಾಲ್ಕು ಹೋಳು.

"ಅತ್ತಿಗೆಗೆ ಮೊದಲೇ ಒಂದು ಬಟ್ಟಲು ಎತ್ತಿಡಾಣ ಅವ್ವ" ಎಂದು ನಾನು ಕೇಳಿದ್ದುಂಟು. ಅವ್ವ ಸೌಟು ಕೆಳಗಿಟ್ಟು ನನ್ನ ಬಾಯಿ ಮುಚ್ಚಿದಳು. "ಎಲ್ಲಾರಗಿಂತ ಮೊದ್ಲು ಹೆಸರು ಹಿಡದು ಎತ್ತಿಡೋದು ಸತ್ತೋರ ಎಡಿ. ಬಸುರಿ ಹೆಸರ್ಲೆ ಯಾರಾರ ಎತ್ತಿಡ್ತಾರೇನ? ಬಿಡ್ತು ಅನ್ನು."

ನಾನು "ಬಿಡ್ತು" ಅಂದೆ. ಹಿರಿಯರ ಹಬ್ಬದಲ್ಲಿ ಹಾಗೆ ಎತ್ತಿಟ್ಟ ಬಟ್ಟಲುಗಳನ್ನು ನಾನೂ ನೋಡಿದವಳೇ. ಅವ್ವನ ಭಯ ಸುಳ್ಳಲ್ಲ. ಎತ್ತಿಡದೆ ಉಳಿಸಬೇಕೆಂದು ಅವಳು ದಿನಾ ಇನ್ನಷ್ಟು ಹೆಚ್ಚಿ ಬೇಯಿಸಿದಳು. ಹೆಚ್ಚು ಮಾಡಿದಷ್ಟೂ ಪಂಕ್ತಿ ಹೆಚ್ಚು ತಿಂದಿತು. ಅಣ್ಣನಿಗೆ ಗೊತ್ತೇ ಇರಲಿಲ್ಲ. ಗಂಡಸರು ಪಾತ್ರೆಯ ಒಳಗೆ ನೋಡುವುದಿಲ್ಲ, ಹೆಂಗಸರು "ಸಾಕು, ಇಷ್ಟೇ ಇದೆ" ಎನ್ನುವುದಿಲ್ಲ. ತಳದಲ್ಲಿ ಉಳಿದ ನಾಲ್ಕು ಹೋಳನ್ನೂ ಅತ್ತಿಗೆ ತಾನು ತಿನ್ನದೆ, ಸಂಜೆ ಬೆಳಕಿರುವಾಗಲೇ ಮಗುವನ್ನು ಕರೆದು ಕೊಡುತ್ತಿದ್ದಳು. ತನ್ನ ಬಳಿಗೆ ಬರಲು ಅಂಜುತ್ತಿದ್ದ ಮಗುವನ್ನು ಕರೆಯಲು ಅವಳ ಹತ್ತಿರ ಇದ್ದದ್ದು ಅದೊಂದೇ. ಮಗು ಬಂದು, ತಿಂದು, ದೀಪ ಹಚ್ಚುವ ಹೊತ್ತಿಗೆ ಮತ್ತೆ ಅವ್ವನ ಮಡಿಲಿಗೆ ಓಡುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಅವ್ವ, ನಾನು, ಅತ್ತಿಗೆ ಮೂವರೇ ಬಸ್ಸಿನಲ್ಲಿ ಮತ್ತೆ ಡಾಕ್ಟರ ಹತ್ತಿರ ಹೋದೆವು. ಗುಣವಾಗಿರಲಿಲ್ಲ.

"ಗಜ್ಜರಿ ಕೊಡ್ತಾ ಇದೀರೇನ್ರೀ?"

"ದಿನಾ ಮಾಡ್ತೀವ್ರಿ. ಎರಡು ಮಡಿ ಖಾಲಿ ಆಗಾಕ ಬಂತು" ಎಂದಳು ಅವ್ವ.

"ಮಾಡೋದು ಕೇಳಲಿಲ್ಲ ತಾಯಿ. ಈಕೆ ತಿನ್ನೋದು ಕೇಳಿದೆ. ನೀನೇ ಹೇಳಮ್ಮ, ನಿನ್ನೆ ಎಷ್ಟು ತಿಂದೆ?"

ಅತ್ತಿಗೆ ನೆಲ ನೋಡಿದಳು. "ಒಗ್ಗರಣೆ ಚೆನ್ನಾಗಿತ್ತು" ಎಂದಳು.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿ ಅವ್ವನ ಕಡೆ ತಿರುಗಿದರು. "ತವರು ಎಲ್ಲಿ ಈಕೆದು? ಉಳವಿಯಾ? ಅಲ್ಲಿಗೆ ಕಳಿಸ್ರಿ. ತಾಯಿ ಎದುರಿಗೆ ಕೂತು ಬಡಿಸ್ತಾಳೆ."

ಬೈದಿದ್ದರೆ ಅವ್ವ ತಿರುಗಿ ಮಾತಾಡುತ್ತಿದ್ದಳೋ ಏನೋ. ಬಸ್ಸು ಇಳಿದ ಮೇಲೆ ಅತ್ತಿಗೆಯ ಕೈ ಹಿಡಿದು, ಇನ್ನೂ ಬೆಳಕಿದ್ದರೂ, ಮನೆಯವರೆಗೆ ನಡೆಸಿಕೊಂಡು ಬಂದಳು. "ಒಂದು ಮಾತು ಅನ್ನಬಾರದಿತ್ತೇನ ತಂಗಿ, ನನಗ ಉಳಿಯಂಗಿಲ್ಲ ಅಂತ?" ಎಂದು ಕೇಳಿದಳು. ಅತ್ತಿಗೆ, "ನಿಮ್ಮ ತಟ್ಟೇಲೂ ಇರ್ತಿರಲಿಲ್ವಲ್ಲ ಅತ್ತೆ" ಎಂದಳು.

ಮಡಿಯಲ್ಲಿ ಉಳಿದದ್ದನ್ನೆಲ್ಲ ಅಪ್ಪ ಒಂದೇ ದಿನದಲ್ಲಿ ಕಿತ್ತು ಗೋಣಿಚೀಲಕ್ಕೆ ತುಂಬಿದರು. ಅಣ್ಣ ಅದನ್ನು ಸೊರಬದ ಬಸ್ಸಿನ ಮೇಲೆ ಹಾಕಿಸಿದ. ಮಗುವನ್ನೂ ಕಳಿಸಬೇಕೆಂದಿತ್ತು. ಬಸ್ಸಿನೊಳಗೆ ಅರೆಗತ್ತಲು. ಅತ್ತಿಗೆ ಸೀಟಿನಿಂದ ಕೈ ಚಾಚಿದೊಡನೆ ಮಗು ಅವ್ವನ ಕುತ್ತಿಗೆಗೆ ಜೋತುಬಿದ್ದು ಹೋ ಎಂದು ಅತ್ತಿತು. ಕಂಡಕ್ಟರು, "ಹತ್ತೋರು ಹತ್ರಿ, ಇಳಿಯೋರು ಇಳೀರಿ, ಬಸ್ಸೇನು ನಿಮ್ಮನೆ ತೊಟ್ಟಿಲಾ?" ಎಂದು ಸಿಳ್ಳು ಹಾಕಿದ. ಮಗು ನಮ್ಮಲ್ಲಿಯೇ ಉಳಿಯಿತು. ನಾಲ್ಕು ದಿನ ಬಿಟ್ಟು ಕರೆತರುವುದೆಂದು ಮಾತಾಗಿತ್ತು. ಸುಗ್ಗಿ, ಕಣ, ಯುಗಾದಿ ಎಂದು ಆ ನಾಲ್ಕು ದಿನ ಮುಂದೆ ಹೋಗುತ್ತಲೇ ಹೋಯಿತು.

ಉಳವಿಯಲ್ಲಿ ಅತ್ತಿಗೆಯ ತಾಯಿ ಗಜ್ಜರಿಯನ್ನು ಅದುವರೆಗೆ ಕಂಡವರಲ್ಲ. ತೆಂಗಿನಕಾಯಿ ಅರೆದು ಹುಳಿ ಮಾಡಿದರಂತೆ, ತುಪ್ಪದಲ್ಲಿ ಬಾಡಿಸಿದರಂತೆ. ಚೀಲ ಖಾಲಿಯಾದ ಮೇಲೆ ನುಗ್ಗೆಸೊಪ್ಪು, ಹರಿವೆ, ಸಿಹಿಗುಂಬಳ. ಎದುರಿಗೆ ಕೂತು, ಬಟ್ಟಲು ಖಾಲಿಯಾಗುವವರೆಗೆ ಏಳಗೊಡುತ್ತಿರಲಿಲ್ಲವಂತೆ. ಅಣ್ಣ ನೋಡಿಕೊಂಡು ಬಂದು ಹೇಳಿದ: "ಅಂಗಳದಾಗ ಕುಂತು ಚುಕ್ಕಿ ತೋರಿಸಿದ್ಲು. ನನಗ ಕಾಣದ ಚುಕ್ಕೀನೂ ಆಕಿಗೆ ಕಾಣತಾವು." ಅವ್ವ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ನಮ್ಮ ಬಾವಿಯ ಪಕ್ಕದ ಮಣ್ಣಿನಲ್ಲಿ ಬೆಳೆದ ಔಷಧಿ ಅದು. ನಮ್ಮ ಮನೆಯಲ್ಲಿ ಹಿಡಿಯಲಿಲ್ಲ.

ಅತ್ತಿಗೆ ಹೊಸ ಮಗುವಿನೊಂದಿಗೆ ವಾಪಸು ಬಂದದ್ದು ನಾಗರಪಂಚಮಿಗೆ. ಮೊಣಕೈ ನುಣುಪಾಗಿತ್ತು, ಮುಖದಲ್ಲಿ ಕಳೆ ಇತ್ತು. ಮುಸ್ಸಂಜೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಈ ವರ್ಷ ಅಪ್ಪ ಎರಡರ ಬದಲು ನಾಲ್ಕು ಮಡಿ ಗಜ್ಜರಿ ಹಾಕಿದರು. ಅವ್ವ ಈಗ ಪಲ್ಯವನ್ನು ಎರಡು ಪಾತ್ರೆಯಲ್ಲಿ ಬೇಯಿಸುತ್ತಾಳೆ. ಎತ್ತಿಟ್ಟ ಹಾಗಲ್ಲವಂತೆ, ಒಲೆಯೇ ಬೇರೆ, ಅದಕ್ಕೆ ಎಡೆಯ ದೋಷವಿಲ್ಲ. ಚಿಕ್ಕ ಪಾತ್ರೆಯನ್ನು ಅತ್ತಿಗೆಯ ಮುಂದೆ ಇಟ್ಟು ಎದುರಿಗೆ ಕೂರುತ್ತಾಳೆ. ತಾನು ಮಾತ್ರ ಗಜ್ಜರಿ ಮುಟ್ಟುವುದಿಲ್ಲ. ಕೇಳಿದರೆ, "ನನಗ ಸೇರಂಗಿಲ್ಲ" ಎನ್ನುತ್ತಾಳೆ. ಇಷ್ಟು ಸುಲಭದ ದಾರಿ ಹಿಂದಿನ ಚಳಿಗಾಲದಲ್ಲಿ ನಮಗ್ಯಾರಿಗೂ ಹೊಳೆಯಲಿಲ್ಲ.

ಮೊನ್ನೆ ಸಂಜೆ ಅತ್ತಿಗೆ ಹಿತ್ತಲ ಕಟ್ಟೆಯ ಮೇಲೆ ಕೂತು ಗಜ್ಜರಿ ಕೆರೆಯುತ್ತಿದ್ದಳು. ಹೊತ್ತು ಮುಳುಗಿತ್ತು. ಒಳಗಿನಿಂದ ಓಡಿಬಂದ ಮಗಳು ಬಾವಿಯ ಆಚೆಯ ನಸುಗತ್ತಲಲ್ಲಿ ಬಾಳೆಯ ಹಿಂದೆ ನಿಂತುಕೊಂಡಳು. ನನಗೆ ಅವಳು ಕಾಣಲೇ ಇಲ್ಲ. ಅತ್ತಿಗೆ ಮಾತ್ರ ತಲೆ ಎತ್ತಿ, "ಕಂಡೆ ಕಂಡೆ, ಕೆಂಪು ಲಂಗ! ಬಾ ಪುಟ್ಟಿ, ಎಳೇದೊಂದು ಇಟ್ಟಿದೀನಿ" ಎಂದು ನಗುತ್ತ ಗಜ್ಜರಿ ಹಿಡಿದ ಕೈ ಮುಂದೆ ಮಾಡಿದಳು. ಮಗು ಆ ಕೈಯನ್ನು ದೂರದಿಂದ ಬಳಸಿಕೊಂಡು ಹೋಗಿ ಬಾಗಿಲಲ್ಲಿ ನಿಂತಿದ್ದ ಅವ್ವನ ಸೀರೆ ಹಿಡಿದುಕೊಂಡಿತು.

"ಹೋಗವ್ವಾ, ನಿಮ್ಮವ್ವ ಕರಿಯಾಕ ಹತ್ಯಾಳ" ಎಂದು ಅವ್ವ ಅದನ್ನು ಮೆಲ್ಲಗೆ ಮುಂದೆ ತಳ್ಳಿದಳು.

ಮಗು ಅಲ್ಲಾಡಲಿಲ್ಲ. "ಆಕಿಗೆ ಕಾಣಂಗಿಲ್ಲ" ಎಂದಿತು.

ಅತ್ತಿಗೆ ಕೈ ಹಿಂದಕ್ಕೆ ತೆಗೆದುಕೊಂಡು ಆ ಎಳೆಯ ಗಜ್ಜರಿಯನ್ನು ಉಳಿದವುಗಳ ಜೊತೆ ಬುಟ್ಟಿಗೆ ಹಾಕಿದಳು. ಅವ್ವ ಮಗುವನ್ನು ಎತ್ತಿಕೊಳ್ಳಲೂ ಆಗದೆ, ಬಿಡಲೂ ಆಗದೆ ಹಾಗೆಯೇ ನಿಂತಿದ್ದಳು. ನಾನು ಲಾಂದ್ರ ತರಲು ಒಳಗೆ ಹೋದೆ. ಅತ್ತಿಗೆಗೆ ಅದು ಬೇಕಿರಲಿಲ್ಲ.