ತಲೆಕೆಳಗಾಗಿ ನಿಲ್ಲಿಸಿದ ಮಾಪು

ನಮ್ಮ ಕಡೆ ನೆಲ ಒರೆಸುವ ಕೋಲನ್ನು ಕೆಲಸ ಮುಗಿದ ಮೇಲೆ ತಲೆಕೆಳಗಾಗಿ ನಿಲ್ಲಿಸುತ್ತಾರೆ. ಒದ್ದೆ ಬಟ್ಟೆ ಮೇಲೆ, ಹಿಡಿ ಕೆಳಗೆ. ಹಾಗೆ ನಿಲ್ಲಿಸಿದರೆ ಬಟ್ಟೆ ಬೇಗ ಒಣಗುತ್ತದೆ, ಮುಗ್ಗಲು ವಾಸನೆ ಹಿಡಿಯುವುದಿಲ್ಲ. ಮಧುಗಿರಿಯಲ್ಲಿ ನಮ್ಮ ಬೀದಿಯ ಯಾವ ಮನೆಯ ಹಿತ್ತಲಿಗೆ ಹೋದರೂ ಗೋಡೆಗೆ ಒರಗಿ ನಿಂತ ಇಂಥದೊಂದು ಕೋಲು ಕಾಣುತ್ತದೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಈಗ ಅಂಥ ಕೋಲು ಕಂಡರೆ ನನ್ನ ಕಣ್ಣು ತಾನಾಗಿಯೇ ಅದರ ಬುಡಕ್ಕೆ ಹೋಗುತ್ತದೆ, ಅಲ್ಲಿ ಹೊಗೆ ಇದೆಯೇನೋ ಎಂದು.

ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟಿರುವುದು ಪಾವಗಡಕ್ಕೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿದ್ದವರು ಅಮ್ಮ ಮತ್ತು ನಾನು ಇಬ್ಬರೇ. ನಾನು ಶಿರಾದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹಾಗಾಗಿ ಮಗುವಿಗೆ ನೀರು ಹಾಕುವುದರಿಂದ ಹಿಡಿದು ಬಾಣಂತಿಯ ಪಥ್ಯದ ಅಡುಗೆಯವರೆಗೆ ಎಲ್ಲವೂ ಅಮ್ಮನ ಮೈಮೇಲೇ ಬಿದ್ದಿತ್ತು. ಅದರ ಮೇಲೆ ಧೂಳು. ಮನೆ ಮುಂದಿನ ರಸ್ತೆಯನ್ನು ಅಗೆದು ಹಾಕಿದ್ದರು. ಬೆಳಿಗ್ಗೆ ಗುಡಿಸಿದ ಹಜಾರದಲ್ಲಿ ಮಧ್ಯಾಹ್ನದ ಹೊತ್ತಿಗೆ ಹೆಜ್ಜೆ ಗುರುತು ಮೂಡುತ್ತಿತ್ತು.

ಅಮ್ಮನ ಸೊಂಟ ನೋವು ನೋಡಲಾರದೆ ಭಾವ ಒಂದು ವ್ಯಾಕ್ಯೂಮ್ ಕ್ಲೀನರ್ ತಂದುಕೊಟ್ಟರು. ವೈರು ಇಲ್ಲದ್ದು, ಬ್ಯಾಟರಿಯಲ್ಲಿ ಓಡುವುದು. ಉದ್ದನೆಯ ಕೊಳವೆ, ಅದರ ಮೇಲ್ತುದಿಯ ಹಿಡಿಯಲ್ಲೇ ಮೋಟಾರು, ಬ್ಯಾಟರಿ. ಅಮ್ಮ ಮೊದಲ ದಿನ ಅದನ್ನು ದೂರದಿಂದ ನೋಡಿದಳು, ಎರಡನೆಯ ದಿನ ಮುಟ್ಟಿದಳು, ಆಮೇಲೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಆದರೆ ಒಂದು ಕೊರತೆ ಉಳಿದಿತ್ತು.

“ಗುಡಿಸ್ಬುಟ್ಟು ಒರೆಸ್ದೆ ಬುಟ್ರೆ, ಮುಖ ತೊಳ್ದು ಬೊಟ್ಟಿಡದಂಗೆ ಆಯ್ತದೆ” ಎಂದು ಅಳಿಯನಿಗೆ ಫೋನಿನಲ್ಲಿ ಹೇಳಿದಳು.

ಅಳಿಯ ಅತ್ತೆಯ ಮಾತು ತೆಗೆದುಹಾಕುವವರಲ್ಲ. ಆ ಮಾದರಿಗೆ ಯಂತ್ರದ ಕಂಪನಿಯವರು ಮಾಪ್ ಮಾಡಿಯೇ ಇರಲಿಲ್ಲ. ಭಾವ ಫೋನಿನಲ್ಲೇ ಹುಡುಕಿ, ಬೇರೆ ಯಾರೋ ಮಾಡಿದ ಒಂದು ಮಾಪ್ ಅಟ್ಯಾಚ್‌ಮೆಂಟ್ ತರಿಸಿದರು. ಎಲ್ಲ ಮಾದರಿಗೂ ಹೊಂದುತ್ತದೆ ಎಂದು ಡಬ್ಬಿಯ ಮೇಲೆ ಇತ್ತು. ಕೊಳವೆಯ ತುದಿಗೆ ಸಿಕ್ಕಿಸುವ ಚಪ್ಪಟೆ ತಲೆ, ಅದರ ಬೆನ್ನಿನ ಮೇಲೆ ನೀರು ತುಂಬುವ ಪುಟ್ಟ ತೊಟ್ಟಿ, ಕೆಳಗೆ ತಿರುಗುವ ಬಟ್ಟೆ. ಸಿಕ್ಕಿಸಿದರೆ ಸ್ವಲ್ಪ ಲೊಡಲೊಡ ಅನ್ನುತ್ತಿತ್ತು. ಅಮ್ಮ ಹಳೆಯ ಲಂಗದ ಚೂರೊಂದನ್ನು ಸಂದಿಗೆ ತುರುಕಿ ಬಿಗಿ ಮಾಡಿಕೊಂಡಳು. ಅಲ್ಲಿಗೆ ಎಲ್ಲ ಸರಿಯಾಯಿತು. ನೆಲ ಹೊಳೆಯಿತು. ಅಮ್ಮ ನಿಂತುಕೊಂಡೇ ಮನೆ ಒರೆಸುವುದನ್ನು ನೋಡಿ ನನಗೂ ಅಕ್ಕನಿಗೂ ಖುಷಿಯಾಯಿತು. ಆ ಖುಷಿ ಸುಳ್ಳಲ್ಲ.

ಆ ವಾರ ಮಗುವನ್ನು ನೋಡಲು ಬಂಧುಗಳು ಬರುತ್ತಲೇ ಇದ್ದರು. ಕೊಡಿಗೇನಹಳ್ಳಿಯಿಂದ ಸೋದರತ್ತೆಯರು, ಬಡವನಹಳ್ಳಿಯಿಂದ ಅಮ್ಮನ ತವರಿನವರು. ಎಲ್ಲರೂ ಮಗುವಿನ ಬಣ್ಣ ಹೊಗಳಿದರು, ಕೂದಲು ಹೊಗಳಿದರು. ಅವರು ಹೊಗಳಿದಷ್ಟೂ ಅಮ್ಮನ ಮುಖ ಚಿಕ್ಕದಾಗುತ್ತಿತ್ತು. ದೃಷ್ಟಿಯಾದೀತು ಎಂಬ ಭಯ. ಶುಕ್ರವಾರ ಬೆಳಿಗ್ಗೆ ಎದ್ದವಳೇ ಕಲ್ಲುಪ್ಪು, ಅರಿಶಿನ ಕದಡಿದ ನೀರಿನಲ್ಲಿ ಮನೆ ಒರೆಸಿದಳು. ದೃಷ್ಟಿ ಕಳೆಯಲು ನಮ್ಮಲ್ಲಿ ಹಾಗೆ ಒರೆಸುವುದುಂಟು. ಮೊದಲೆಲ್ಲ ಬಕೆಟ್ಟಿನಲ್ಲಿ ಕದಡುತ್ತಿದ್ದ ನೀರನ್ನು ಈ ಸಲ ಮಾಪಿನ ತೊಟ್ಟಿಗೆ ತುಂಬಿದಳು. ಬಾಣಂತಿ ಕೋಣೆಯನ್ನು ಕೊನೆಗೆ ಒರೆಸಿ, ಅಲ್ಲೇ ಮಂಚದ ಪಕ್ಕದ ಮೂಲೆಯಲ್ಲಿ ಅದನ್ನು ನಿಲ್ಲಿಸಿ ಚಾರ್ಜಿಗೆ ಹಾಕಿದಳು. ಒದ್ದೆ ಬಟ್ಟೆ ಮೇಲೆ, ಹಿಡಿ ಕೆಳಗೆ.

ತೊಟ್ಟಿಯಲ್ಲಿ ನೀರು ಇನ್ನೂ ಉಳಿದಿತ್ತು.

ಆಮೇಲೆ ಮಗುವಿಗೆ ನೀರು ಹಾಕಿದಳು, ಅಕ್ಕನಿಗೂ ಹಾಕಿದಳು. ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಅಕ್ಕನ ಕೂದಲಿಗೆ ಹೊಗೆ ಕೊಟ್ಟಳು, ಮಗುವಿಗೂ ಒಂದಿಷ್ಟು ತೋರಿಸಿದಳು. ಕೆಂಡದ ಬಟ್ಟಲನ್ನು ಹೊರಗೆ ತಂದಿಟ್ಟು, ಬಾಣಂತಿಗೆ ಗಾಳಿ ತಾಗಬಾರದೆಂದು ಕೋಣೆಯ ಕಿಟಕಿ ಹಾಕಿ, ಬಾಗಿಲು ಎಳೆದುಕೊಂಡಳು. ಕಿವಿಗೆ ಹತ್ತಿ ಇಟ್ಟು, ತಲೆಗೆ ಸ್ಕಾರ್ಫು ಬಿಗಿದುಕೊಂಡ ಅಕ್ಕ ಮಂಚದ ಮೇಲೆ ಮಲಗಿದಳು. ಮಗು ಅವಳ ಪಕ್ಕದ ಸೀರೆ ಜೋಲಿಯಲ್ಲಿ.

ನಾನು ರಜೆ ಹಾಕಿ ಮನೆಯಲ್ಲಿದ್ದೆ. ಆ ಹೊತ್ತಿಗೆ ಪಕ್ಕದ ಮನೆಯ ಆಂಟಿ ಬಂದರು. ಅವರ ತವರು ಶಿರಾ. ನಾನು ದಿನಾ ಅಲ್ಲಿಗೆ ಹೋಗುವವಳಾದ್ದರಿಂದ ನನ್ನಲ್ಲಿ ಅವರಿಗೆ ಸ್ವಲ್ಪ ಹೆಚ್ಚು ಸಲಿಗೆ. ಮಗುವಿಗೆಂದು ಹೊಲಿದ ಕುಲಾವಿ ತಂದಿದ್ದರು. ಮಗು ಏಳಲಿ, ತೊಡಿಸಿ ನೋಡಿಯೇ ಹೋಗುತ್ತೇನೆ ಎಂದು ಹಜಾರದಲ್ಲಿ ಕುಳಿತರು. ಅಮ್ಮ ಅಡುಗೆಮನೆಯಲ್ಲಿ ಕಾಫಿಗೆ ಇಟ್ಟಳು.

ಕೋಣೆಯ ಬಾಗಿಲ ಕೆಳಗಿನಿಂದ ಒಂದು ಎಳೆ ಹೊಗೆ ಬಂತು. ನಾನು ನೋಡಿದೆ. ಬಾಣಂತಿ ಇರುವ ಮನೆಯಲ್ಲಿ ಹೊಗೆ ಎಂದರೆ ಯಾರು ಗಾಬರಿಯಾಗುತ್ತಾರೆ? ಬಾಗಿಲು ತೆಗೆಯಲೇ ಎಂದು ಅಮ್ಮನನ್ನು ಕೇಳಿದೆ.

“ಸಾಂಬ್ರಾಣಿದು ಕಣೆ, ಬುಡು. ಈಗ ತಾನೆ ಕಣ್ಣು ಮುಚ್ಚವ್ಳೆ” ಎಂದಳು ಅಮ್ಮ ಒಳಗಿನಿಂದಲೇ.

ನಾನು ಕುಳಿತೇ ಇದ್ದೆ. ಆದರೆ ಆಂಟಿ ಮಾತು ನಿಲ್ಲಿಸಿದರು. ಅವರು ಕುಲಾವಿಯನ್ನು ತೊಡೆಯ ಮೇಲಿಟ್ಟು, ಮುಖ ಎತ್ತಿ, ಮೂಗಿನಿಂದ ಒಮ್ಮೆ ಉಸಿರೆಳೆದದ್ದು ಈಗಲೂ ನನ್ನ ಕಣ್ಣ ಮುಂದೆ ಇದೆ.

“ಬೇಟಾ, ಇದು ಲೋಬಾನ ಅಲ್ಲ” ಎಂದರು. ಸಾಂಬ್ರಾಣಿಗೆ ಅವರ ಮಾತಿನಲ್ಲಿ ಲೋಬಾನ. “ನಮ್ಮನೇಲಿ ಗುರುವಾರ ಗುರುವಾರ ಹಾಕ್ತೀವಿ, ನಂಗೊತ್ತಿಲ್ವಾ. ಇದು ಸಿಹಿ ವಾಸ್ನೆ, ಉಗುರಿನ ಬಣ್ಣದ್ದು ಇದ್ದಂಗೆ. ಬಾಗ್ಲು ತೆಗಿ.”

ನಾನು ಏಳುವಷ್ಟರಲ್ಲಿ ಅವರೇ ಎದ್ದು ಬಾಗಿಲು ನೂಕಿದ್ದರು. ಒಳಗೆ ಮೇಲರ್ಧ ಕೋಣೆ ಬೆಳ್ಳಗೆ ಮುಚ್ಚಿಹೋಗಿತ್ತು. ಮೂಲೆಯಲ್ಲಿ, ನೆಲದ ಮಟ್ಟದಲ್ಲಿ, ಯಂತ್ರದ ಹಿಡಿಯಿಂದ ಕುಕ್ಕರಿನ ಆವಿಯ ಹಾಗೆ ಹೊಗೆ ರಭಸವಾಗಿ ನುಗ್ಗುತ್ತಿತ್ತು. ಆಂಟಿ ಬಗ್ಗಿ ಹೋಗಿ ಅಕ್ಕನ ಕಾಲು ಹಿಡಿದು ಎಳೆದು ಎಬ್ಬಿಸಿದರು. ಅಕ್ಕ ಕಣ್ಣು ಬಿಡದೆಯೇ ಮೊದಲು ಮಾಡಿದ ಕೆಲಸ ಜೋಲಿಗೆ ಕೈ ಹಾಕಿದ್ದು. ಮಗುವನ್ನು ಎದೆಗೆ ಒತ್ತಿಕೊಂಡು ಇಬ್ಬರೂ ಹೊರಗೆ ಬಂದರು. ನಾನು ವರಾಂಡಕ್ಕೆ ಓಡಿ ಮೇನ್ ಸ್ವಿಚ್ ಕೆಳಗೆಳೆದೆ. ಅದೇ ಹೊತ್ತಿಗೆ ಒಳಗೆ ಪಟಪಟ ಎಂದು ಸಿಡಿದ ಸದ್ದು, ಕಿತ್ತಳೆ ಬಣ್ಣದ ಬೆಳಕು.

ಅಮ್ಮ ಬಕೆಟ್ ಹಿಡಿದು ಕೋಣೆಗೆ ನುಗ್ಗುತ್ತಿದ್ದಳು. ಒಂದು ಕೈಯಲ್ಲಿ ಮಗು ಇದ್ದರೂ ಅಕ್ಕ ಇನ್ನೊಂದು ಕೈಯಲ್ಲಿ ಅವಳ ಸೆರಗು ಹಿಡಿದಳು.

“ಹೋಗ್ಬ್ಯಾಡ ಅಮ್ಮ. ಉರಿದ್ರೆ ಉರೀಲಿ. ನಾವೆಲ್ಲ ಈಚೆಗೆ ಇದೀವಲ್ಲ.”

ಕೋಣೆಯ ಬಾಗಿಲು ಎಳೆದುಕೊಂಡು ಬೀದಿಗೆ ಬಂದೆವು. ಯಾರೋ ಫೋನು ಮಾಡಿದರು, ಅಗ್ನಿಶಾಮಕದವರು ಬಂದರು. ಮುಚ್ಚಿದ ಬಾಗಿಲು ಬೆಂಕಿಯನ್ನು ಆ ಒಂದು ಕೋಣೆಯಲ್ಲೇ ಹಿಡಿದಿಟ್ಟಿತ್ತು. ಹಾಸಿಗೆ, ಕಿಟಕಿಯ ಪರದೆ ಹೋದವು. ಜೋಲಿಯ ಸೀರೆ ಕೆಳಗಿನಿಂದ ಅರ್ಧದವರೆಗೆ ಇರಲಿಲ್ಲ. ಸೂರಿನ ಕೊಂಡಿಯಿಂದ ಎರಡು ಕರಕಲು ತುದಿಗಳು ಮಾತ್ರ ಜೋತಾಡುತ್ತಿದ್ದವು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಕಣ್ಣು ಮುಚ್ಚಿದರೆ ನನಗೆ ಬೆಂಕಿ ಕಾಣುವುದಿಲ್ಲ. ಆ ಎರಡು ತುದಿಗಳು ಕಾಣುತ್ತವೆ.

ಅಗ್ನಿಶಾಮಕದ ಒಬ್ಬರು ಯಂತ್ರದ ಉಳಿಕೆಯನ್ನು ಅಂಗಳಕ್ಕೆ ತಂದು ಹಾಕಿದರು. ಕೊಳವೆಯ ಒಳಗೆ ಉಪ್ಪು ಬೆಳ್ಳಗೆ ಕಟ್ಟಿಕೊಂಡಿತ್ತು. ಇದಕ್ಕೇನು ಉಪ್ಪು ಹಾಕಿದ್ದಿರಾ, ತಲೆಕೆಳಗೆ ಇಟ್ಟಿದ್ದಿರಾ ಎಂದು ಕೇಳಿದರು. ಸಡಿಲ ಮಾಪಿನ ಸಂದಿಯಿಂದ ಇಳಿದ ನೀರು ನೇರ ಮೋಟಾರಿಗೆ, ಅಲ್ಲಿಂದ ಚಾರ್ಜಿನಲ್ಲಿದ್ದ ಬ್ಯಾಟರಿಗೆ ಹೋಗಿರಬೇಕು, ಉಪ್ಪುನೀರಿನಲ್ಲಿ ಕರೆಂಟು ಇನ್ನೂ ಸಲೀಸಾಗಿ ಹರಿಯುತ್ತದೆ ಎಂದರು. ಯಂತ್ರದ ಜೊತೆ ಬಂದಿದ್ದ ಪುಸ್ತಿಕೆಯನ್ನು ನಾನು ಆಮೇಲೆ ಓದಿದೆ. ಒಣ ಕಸಕ್ಕೆ ಮಾತ್ರ, ಬೇರೆಯವರ ಬಿಡಿಭಾಗ ಜೋಡಿಸಬೇಡಿ ಎಂದು ಅದರಲ್ಲಿ ಇತ್ತು. ಅಂಗಳದಲ್ಲಿ ಆ ಮನುಷ್ಯ ಬೈಯಲಿಲ್ಲ. ಅಮ್ಮನ ಮುಖ ನೋಡಿ, ಮಗುವನ್ನು ಒಂದ್ಸಲ ಆಸ್ಪತ್ರೆಗೆ ತೋರಿಸಿಬಿಡಿ ಎಂದಷ್ಟೇ ಹೇಳಿ ಹೋದರು. ಅವರ ಆ ಮೃದುತನವನ್ನು ನಾನು ಮರೆತಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು ಎಂದು ನನಗೆ ಅನ್ನಿಸಿತು. ಏನೂ ತೊಂದರೆ ಇಲ್ಲ, ಎರಡು ದಿನ ಉಸಿರಾಟದ ಮೇಲೆ ಕಣ್ಣಿಡಿ ಎಂದರು. ಅಕ್ಕ ಅಲ್ಲೇ ಬೆಂಚಿನ ಮೇಲೆ ಕುಳಿತು ಹಾಲು ಕುಡಿಸಿದಳು. ಮಗು ಗುಟುಕು ಗುಟುಕಾಗಿ ಕುಡಿಯುವ ಸದ್ದಿಗಿಂತ ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ.

ನಮ್ಮ ಮನೆಯಲ್ಲಿ ಇರಲಾಗುತ್ತಿರಲಿಲ್ಲ. ಆಂಟಿ ತಮ್ಮ ಮುಂದಿನ ಕೋಣೆಯನ್ನು ಬಿಟ್ಟುಕೊಟ್ಟರು. ಬಾಣಂತಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಅಮ್ಮನನ್ನು ಕೇಳಿ ಕೇಳಿ ಅಡುಗೆ ಮಾಡಿಸಿದರು. ಸಂಜೆ ಪಾವಗಡದಿಂದ ಭಾವ ಬಂದರು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು, ಮಗುವನ್ನು ನೋಡಿ, ನಾನು ಅದನ್ನು ತರಿಸಬಾರದಿತ್ತು ಎಂದು ಮತ್ತೆ ಮತ್ತೆ ಹೇಳಿದರು. ನನ್ನ ಸೊಂಟಕ್ಕೆ ತಂದುಕೊಟ್ಟಿದ್ದು ತಪ್ಪಾ ಎಂದು ಅಮ್ಮನೇ ಅವರನ್ನು ಸಮಾಧಾನ ಮಾಡಿದಳು.

ಆದರೆ ಬೆಂಕಿ ಹೊತ್ತಿದಾಗಿನಿಂದ ಅಮ್ಮ ಮಗುವನ್ನು ಮುಟ್ಟಿರಲಿಲ್ಲ. ಅತ್ತರೆ ನನ್ನನ್ನು ಕರೆಯುತ್ತಿದ್ದಳು, ಬಟ್ಟೆ ಬದಲಿಸಲು ಅಕ್ಕನಿಗೆ ಹೇಳುತ್ತಿದ್ದಳು. ತಾನು ಮಾತ್ರ ಬಾಗಿಲ ಹತ್ತಿರ ಗೋಡೆಗೊರಗಿ ಕುಳಿತಿದ್ದಳು. ಯಾಕೆ ಎಂದು ಅಕ್ಕ ಕೇಳಿದಳು.

“ಯಾರ್ದೋ ಕಣ್ಣು ಬಿದ್ದಾತು ಅಂತ ಉಪ್ಪು ಹಾಕ್ದೆ” ಎಂದಳು ಅಮ್ಮ. “ಕೊನೀಗೆ ನಾನೇ ದೃಷ್ಟಿ ಆಗ್ಬುಟ್ನಲ್ಲೆ.”

ಆಗ ಮಗು ಆಂಟಿಯ ತೋಳಿನಲ್ಲಿತ್ತು. ಅವರು ಎದ್ದು ಬಂದು ಅಮ್ಮನ ಎದುರು ಕುಕ್ಕರಗಾಲಿನಲ್ಲಿ ಕುಳಿತರು.

“ಅದೆಲ್ಲ ಆಮೇಲೆ ಅಳೋಣ ಅಕ್ಕ. ಈಗ ಇವಳನ್ನ ಹಿಡ್ಕೊಳಿ, ನನ್ ಕೈ ಬಿದ್ದೋಗ್ತಾ ಐತೆ. ಏನ್ ತೂಕ ಮಾಡಿಟ್ಟಿದೀರಿ ಇವಳನ್ನ.”

ತೂಕ ಎಲ್ಲಿಂದ ಬರಬೇಕು, ಒಂದು ಹಿಡಿ ಮಗು. ಅಮ್ಮ ಬೇಡ ಎನ್ನುವಷ್ಟರಲ್ಲಿ ಅವರು ಅದನ್ನು ಅವಳ ಮಡಿಲಿಗೆ ಹಾಕಿ ಕೈ ತೆಗೆದುಬಿಟ್ಟಿದ್ದರು. ಕೈ ತೆಗೆದ ಮೇಲೆ ಹಿಡಿಯದೆ ಏನು ಮಾಡುವುದು. ಅಮ್ಮ ಹಿಡಿದಳು. ಬಗ್ಗಿ ಮುಖ ನೋಡಿದಳು. ಮಗು ಮೈಮುರಿದು ಕಾಲು ಝಾಡಿಸಿತು, ಪುಟ್ಟ ಹಿಮ್ಮಡಿ ಅಮ್ಮನ ಮೂಗಿಗೆ ತಗುಲಿತು.

ಅಮ್ಮನ ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು.

“ಒದಿ ಕಣಮ್ಮ” ಎಂದಳು, “ಇನ್ನೊಂದು ಒದಿ.”