ಮಾರಮ್ಮ ಕೂತಿದ್ದ ಜಾಗ

ಹಾರೋಹಳ್ಳಿಯ ನಮ್ಮ ಕಾರ್ಖಾನೆಯಲ್ಲಿ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರನ್ನು ನಾವು ‘ಸಿಸ್ಟಮ್ ಸಾಹೇಬ್ರು’ ಎಂದೇ ಕರೆಯುತ್ತಿದ್ದೆವು. ಇಂಟರ್ನೆಟ್ಟಿನಿಂದ ಒಳನುಗ್ಗುವ ಕಿಡಿಗೇಡಿಗಳನ್ನು ತಡೆಯುವ ಫೈರ್‌ವಾಲ್ ಪೆಟ್ಟಿಗೆಯ ಮೂತಿಗೆ ಅವರು ಒಂದು ಆಯುಧಪೂಜೆಯ ದಿನ ತಮ್ಮೂರಿನ ಮಾರಮ್ಮನ ಚಿತ್ರ ಅಂಟಿಸಿದ್ದರು. ಕೇಳಿದವರಿಗೆಲ್ಲ, “ಕಾವಲಿಗೂ ಒಂದು ಕಾವಲು ಬೇಕು ಕಣಪ್ಪ” ಎನ್ನುತ್ತಿದ್ದರು.

ಹೊಸ ಶೆಡ್ ಎದ್ದು ಕಂಪ್ಯೂಟರುಗಳು ಹೆಚ್ಚಿದ ವರ್ಷ ಆ ಪೆಟ್ಟಿಗೆ ಏದುಸಿರು ಬಿಡತೊಡಗಿತು. ಬೆಳಿಗ್ಗೆ ಗಿರಾಕಿಗೆ ಕಳಿಸಿದ ನಕ್ಷೆ ಊಟದ ಹೊತ್ತಾದರೂ ಹೋಗುತ್ತಲೇ ಇರುತ್ತಿತ್ತು. ಅದಕ್ಕೊಂದು ಹೆಚ್ಚು ವೇಗದ ಈಥರ್ನೆಟ್ ಕಾರ್ಡ್ ಸೇರಿಸಬೇಕೆಂದು ತೀರ್ಮಾನವಾಯಿತು. ಸಾಹೇಬರು ಅದನ್ನು ಜೋಡಿ ಎತ್ತು ಕೊಳ್ಳುವವರ ಹಾಗೆ ಆರಿಸಿದರು. ಪೋರ್ಟ್ ಎಷ್ಟು, ತಾಮ್ರದ ತಂತಿಯೋ ಫೈಬರ್ರೋ, ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ನಮ್ಮ ಸ್ವಿಚ್ಚು ಅದರ ವೇಗಕ್ಕೆ ಹೆಜ್ಜೆ ಹಾಕೀತೋ ಎಂದು ವಾರಗಟ್ಟಲೆ ಮಾರುವವನ ಜೀವ ತಿಂದರು. ಕಾರ್ಡ್ ಕೂರುವ ಜಾಗವನ್ನು ಮಾತ್ರ ನೋಡಲಿಲ್ಲ.

ಕಾರ್ಡ್ ತಂದ ಇಂಜಿನಿಯರ್ ಸ್ಕ್ರೂಡ್ರೈವರ್ ಎತ್ತಿದ. ಪೆಟ್ಟಿಗೆಯಲ್ಲಿದ್ದ ಒಂದೇ ಖಾಲಿ ಸ್ಲಾಟಿನ ಮುಚ್ಚಳದ ಮೇಲೆ ಮಾರಮ್ಮ ಕೂತಿದ್ದಳು.

“ಏಯ್, ತಡಿಯಪ್ಪಾ!” ಸಾಹೇಬರು ಅಡ್ಡ ನಿಂತರು. ಆ ಸಂಜೆಯೊಳಗೆ ನಕ್ಷೆ ಹೋಗದಿದ್ದರೆ ಆರ್ಡರ್ ಕೈತಪ್ಪುತ್ತದೆಂದು ಮ್ಯಾನೇಜರು ಫೋನಿನಲ್ಲಿ ಕೂಗುತ್ತಿದ್ದರು. ಸಾಹೇಬರು ಚಪ್ಪಲಿ ಕಳಚಿಟ್ಟು, ಕೈ ತೊಳೆದು ಒರೆಸಿಕೊಂಡು, “ಒಸಿ ಜರುಗವ್ವ ತಾಯಿ” ಎನ್ನುತ್ತಾ ಸ್ಕ್ರೂಗಳನ್ನು ತಾವೇ ಬಿಚ್ಚಿದರು.

ಕಾರ್ಡ್ ಕೂತಿತು, ನಕ್ಷೆ ಹೊರಟಿತು. ಮುಚ್ಚಳವನ್ನು ಅವರು ಪೆಟ್ಟಿಗೆಯ ನೆತ್ತಿಯ ಮೇಲಿಟ್ಟು ಹೂವು ಮುಡಿಸಿದರು.

“ಇನ್ನು ಕಾವಲಿಗೆ ಕಾವಲು ಯಾರು ಸಾರ್?” ಎಂದು ಕೆಣಕಿದೆ.

“ಜಾಗ ಬುಟ್ಕೊಟ್ಟವ್ಳೆ,” ಎಂದರು, “ಕೆಲ್ಸ ಬುಟ್ಟಿಲ್ಲ ಕಣಪ್ಪ.”