ಟೈಪಿಸ್ಟಮ್ಮನ ತಪ್ಪು ಚಿಹ್ನೆ

ಭೌತಶಾಸ್ತ್ರ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದ ಟೈಪಿಸ್ಟಮ್ಮನಿಗೆ ಅವಳ ಕೈಚಳಕವೇ ಮುಳುವಾಗಿತ್ತು. ಪ್ರೊಫೆಸರರು ಬರೆಯುತ್ತಿದ್ದುದು ಸಾಪೇಕ್ಷತೆಯ ಜ್ಯಾಮಿತಿಯ ಮೇಲೊಂದು ದೊಡ್ಡ ಪುಸ್ತಕ. ಅದರ ಸಮೀಕರಣಗಳಲ್ಲಿ ಒಂದೊಂದು ಅಕ್ಷರದ ತಲೆಯ ಮೇಲೂ ಬುಡದಲ್ಲೂ ಇರುವೆಸಾಲಿನಂತೆ ಪುಟ್ಟ ಪುಟ್ಟ ಅಕ್ಷರಗಳು. ಅವನ್ನು ತಪ್ಪಿಲ್ಲದೆ ಕೂರಿಸಬಲ್ಲವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಗಂಡ, ಮಗಳು ಇದ್ದ ಊರಿಗೆ ವರ್ಗ ಕೇಳಿ ಅವಳು ಆರು ಸಲ ಅರ್ಜಿ ಕೊಟ್ಟಿದ್ದಳು.

“ನೀವು ಹೋದ್ರೆ ನನ್ನ ಕೈ ಮುರಿದ ಹಾಗೇ ಅಮ್ಮಾ,” ಎಂದು ಪ್ರೊಫೆಸರರು ಪ್ರತಿ ಸಲವೂ ಸಹಿ ಹಾಕದೆ ಹಿಂತಿರುಗಿಸಿದ್ದರು.

ಏಳನೆಯದೂ ವಾಪಸಾದಾಗ ಮಗಳು ಫೋನಿನಲ್ಲಿ, “ಅಮ್ಮ, ನೀನು ಕೆಟ್ಟದಾಗಿ ಟೈಪ್ ಮಾಡು. ಅವರೇ ಓಡಿಸ್ತಾರೆ,” ಎಂದಳು. ಟೈಪಿಸ್ಟಮ್ಮ ನಕ್ಕಳು. ಆದರೆ ಮರುದಿನ ಬೇಕೆಂದೇ ಒಂದು ಕಡೆ ಕೂಡುವ ಚಿಹ್ನೆಯ ಜಾಗದಲ್ಲಿ ಕಳೆಯುವ ಚಿಹ್ನೆ ಒತ್ತಿ, ಹಾಳೆಗಳನ್ನು ಪ್ರೊಫೆಸರರ ಮೇಜಿನ ಮೇಲಿಟ್ಟು ಬಸ್ ಸ್ಟಾಪಿಗೆ ನಡೆದಳು.

ಬಸ್ಸು ಬಂತು, ಹೋಯಿತು, ಅವಳು ಹತ್ತಲಿಲ್ಲ. ಇಷ್ಟು ವರ್ಷದಲ್ಲಿ ಆ ಗಣಿತ ಅವಳಿಗೂ ಒಂದಿಷ್ಟು ಅಂಟಿಕೊಂಡಿತ್ತು. ಸೂರ್ಯನ ಬಳಿ ಹಾದುಬರುವ ನಕ್ಷತ್ರದ ಬೆಳಕು ಸೂರ್ಯನ ಕಡೆಗೇ ಬಾಗಬೇಕು. ಅವಳ ಹಾಳೆಯಲ್ಲಿ ಅದು ಆಚೆಗೆ ಬಾಗುತ್ತಿತ್ತು. ತಡೆಯಲಾರದೆ ಹಿಂತಿರುಗಿ, ಪ್ರೊಫೆಸರರ ಮೇಜಿನಿಂದ ಆ ಹಾಳೆ ತೆಗೆದುಕೊಂಡು ಬಂದು, ಇಡೀ ಹಾಳೆಯನ್ನು ಸರಿಯಾದ ಚಿಹ್ನೆಯೊಡನೆ ಹೊಸದಾಗಿ ಟೈಪ್ ಮಾಡಿದಳು.

ಅಷ್ಟರಲ್ಲಿ ಪ್ರೊಫೆಸರರು ಒಳಗೆ ಬಂದರು. “ಇನ್ನೂ ಹೋಗಿಲ್ವಾ? ಒಳ್ಳೇದೇ ಆಯ್ತು. ಎರಡನೇ ಸಂಪುಟದ ಮೊದಲ ಅಧ್ಯಾಯ ತಂದಿದೀನಿ.”

“ಕೊಡಿ ಸರ್,” ಎಂದು ಅವಳು ಕೈ ಚಾಚಿದಳು.